ಲೋಹ ಉರಿದರೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ಹೈಸ್ಕೂಲು ಮಕ್ಕಳು, ಅವರ ಅಪ್ಪ-ಅಮ್ಮಂದಿರು, ಗೋಕುಲ ರಸ್ತೆ ಮತ್ತು ತಾರಿಹಾಳದ ವರ್ಕ್‌ಶಾಪ್‌ಗಳಲ್ಲಿ ದುಡಿಯುವ ಹುಡುಗರು ಕೇಳುವಂಥ ಪ್ರಶ್ನೆಗಳಿವು. ಪರೀಕ್ಷೆಗೆ ಬೇಕಾದದ್ದೂ ಇದೆ, ಕೆಲಸಕ್ಕೆ ಬೇಕಾದದ್ದೂ ಇದೆ. ಓದುವಾಗ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಹೆಚ್ಚಿನ ಲೋಹಗಳಿಗೆ ಆಕ್ಸಿಜನ್ ಕಂಡರೆ ಆಸೆಯೇ. ಆದರೂ ಒಂದು ಭಗ್ಗನೆ ಉರಿಯುತ್ತದೆ, ಇನ್ನೊಂದು ತೆಪ್ಪಗಿರುತ್ತದೆ. ಬಹಳ ಸಲ ಇದನ್ನು ತೀರ್ಮಾನಿಸುವುದು ಲೋಹದ ಮೈಮೇಲೆ ಕೂರುವ ಆಕ್ಸೈಡ್ ಪದರ.

ಲೋಹ ಉರಿಯುವುದು, ಕಟ್ಟಿಗೆ ಉರಿಯುವುದು ಎರಡೂ ಒಂದೇನಾ?

ಎರಡರಲ್ಲೂ ಆಕ್ಸಿಜನ್ ಜೊತೆ ಸೇರುವ ಕೆಲಸವೇ ನಡೆಯುತ್ತದೆ. ಕಟ್ಟಿಗೆಯಲ್ಲಿರುವ ಕಾರ್ಬನ್ ಮತ್ತು ಹೈಡ್ರೋಜನ್ ಉರಿದು ಕಾರ್ಬನ್ ಡೈಆಕ್ಸೈಡ್, ನೀರಾವಿ ಆಗುತ್ತವೆ. ಅವು ಗಾಳಿಯಲ್ಲಿ ಹೋಗಿಬಿಡುತ್ತವೆ. ಲೋಹ ಉರಿದಾಗ ಹುಟ್ಟುವ ಆಕ್ಸೈಡ್ ಸಾಮಾನ್ಯವಾಗಿ ಘನವಸ್ತು. ಅದು ಅಲ್ಲೇ ಉಳಿಯುತ್ತದೆ.

ಒಳಗೆ ನಡೆಯುವುದು ಎಲೆಕ್ಟ್ರಾನ್ ಕೊಡು-ಕೊಳ್ಳುವ ವ್ಯವಹಾರ. ಮೆಗ್ನೀಸಿಯಂ ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಆಕ್ಸಿಜನ್ ಪರಮಾಣು ಎರಡನ್ನೂ ತೆಗೆದುಕೊಳ್ಳುತ್ತದೆ. ಹೀಗೆ ವಿದ್ಯುದಾವೇಶ ಪಡೆದ ಪರಮಾಣುವೇ ಅಯಾನು. ಒಂದು ಧನ ಅಯಾನು, ಇನ್ನೊಂದು ಋಣ ಅಯಾನು. ಇಂಥ ಕೋಟಿ ಕೋಟಿ ಅಯಾನುಗಳು ಒಂದನ್ನೊಂದು ಎಳೆದುಕೊಂಡು ಗಟ್ಟಿ ಹರಳಾಗುವಾಗ ಹೊರಬೀಳುವ ಶಕ್ತಿಯೇ ನಮಗೆ ಕಾಣುವ ಬಿಸಿ ಮತ್ತು ಬೆಳಕು.

ಉರಿದ ಮೇಲೆ ಬೂದಿ ಹಗುರ ಆಗಬೇಕಲ್ವಾ? ತೂಕ ಹೆಚ್ಚುತ್ತದೆ ಅಂತ ಪುಸ್ತಕದಲ್ಲಿದೆ.

ಪುಸ್ತಕ ಹೇಳುವುದು ಸರಿ. ಗಾಳಿಯಲ್ಲಿದ್ದ ಆಕ್ಸಿಜನ್ ಲೋಹಕ್ಕೆ ಸೇರಿಕೊಂಡಿದೆ, ಅದರ ತೂಕವೂ ಬಂದು ಕೂಡಿದೆ. 24 ಗ್ರಾಂ ಮೆಗ್ನೀಸಿಯಂ ಪೂರ್ತಿ ಉರಿದರೆ 16 ಗ್ರಾಂ ಆಕ್ಸಿಜನ್ ಹಿಡಿದುಕೊಂಡು 40 ಗ್ರಾಂ ಮೆಗ್ನೀಸಿಯಂ ಆಕ್ಸೈಡ್ ಆಗುತ್ತದೆ.

ಇಷ್ಟು ಸರಳ ಮಾತನ್ನು ಒಪ್ಪಿಕೊಳ್ಳಲು ಯುರೋಪಿನ ವಿಜ್ಞಾನಿಗಳಿಗೆ ನೂರೈವತ್ತು ವರ್ಷ ಬೇಕಾಯಿತು. 1630ರಲ್ಲೇ ಫ್ರಾನ್ಸಿನ ಜೀನ್ ರೇ ಎಂಬ ವೈದ್ಯ, ತವರವನ್ನು ಕಾಯಿಸಿದರೆ ತೂಕ ಹೆಚ್ಚುತ್ತದೆ, ಆ ತೂಕ ಗಾಳಿಯಿಂದಲೇ ಬರುತ್ತದೆ ಎಂದು ಬರೆದಿದ್ದ. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಮುಂದೆ ಫ್ಲಾಜಿಸ್ಟನ್ ಎಂಬ ಕಲ್ಪನೆ ಬಂತು. ಉರಿಯುವ ಪ್ರತಿ ವಸ್ತುವಿನಲ್ಲೂ ಫ್ಲಾಜಿಸ್ಟನ್ ಇರುತ್ತದೆ, ಉರಿಯುವಾಗ ಅದು ಹೊರಗೆ ಹೋಗುತ್ತದೆ ಅನ್ನುವುದು ವಾದ. ಹೊರಗೆ ಹೋದರೆ ತೂಕ ಇಳಿಯಬೇಕಲ್ಲ? ಅದಕ್ಕೆ ಕೆಲವರು ಫ್ಲಾಜಿಸ್ಟನ್‌ಗೆ ಋಣ ತೂಕ ಇದೆ ಎಂದುಬಿಟ್ಟರು! ಲೆಕ್ಕ ಕೂಡದಿದ್ದಾಗ ಲೆಕ್ಕವನ್ನೇ ತಿರುಗಿಸುವವರು ಎಲ್ಲ ಕಾಲಕ್ಕೂ ಇರುತ್ತಾರೆ.

1774ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವೊಸಿಯೆ ತವರವನ್ನು ಗಾಜಿನ ಪಾತ್ರೆಯಲ್ಲಿಟ್ಟು, ಬಾಯಿ ಬಿಗಿಯಾಗಿ ಮುಚ್ಚಿ ಕಾಯಿಸಿದ. ಪಾತ್ರೆಯ ಒಟ್ಟು ತೂಕ ಬದಲಾಗಲಿಲ್ಲ. ಬಾಯಿ ತೆರೆದಾಗ ಹೊರಗಿನ ಗಾಳಿ ಒಳಗೆ ನುಗ್ಗಿತು, ಆಗ ತೂಕ ಹೆಚ್ಚಾಯಿತು. ಅಂದರೆ ಒಳಗಿದ್ದ ಗಾಳಿಯ ಒಂದು ಭಾಗ ತವರಕ್ಕೆ ಸೇರಿ ಹೋಗಿತ್ತು. ಅದೇ ವರ್ಷ ಆಗಸ್ಟ್ 1ರಂದು ಇಂಗ್ಲೆಂಡಿನಲ್ಲಿ ಪ್ರೀಸ್ಟ್ಲಿ ಎಂಬ ವಿಜ್ಞಾನಿ, ಕೆಂಪು ಪಾದರಸದ ಆಕ್ಸೈಡ್ ಮೇಲೆ ದೊಡ್ಡ ಮಸೂರದಿಂದ ಬಿಸಿಲು ಬೀಳಿಸಿ ಒಂದು ಅನಿಲ ಪಡೆದಿದ್ದ. ಆ ಅನಿಲದಲ್ಲಿ ಮೇಣದಬತ್ತಿ ಜೋರಾಗಿ ಉರಿಯುತ್ತಿತ್ತು. ಅದಕ್ಕೆ ಆಕ್ಸಿಜನ್ ಎಂದು ಹೆಸರಿಟ್ಟವನು ಲಾವೊಸಿಯೆ. ಈ ಕಥೆಯಲ್ಲಿ ಗೆದ್ದದ್ದು ತಕ್ಕಡಿ ಅಂತಲೇ ನನಗೆ ಅನ್ನಿಸುತ್ತದೆ.

ಸರ್, ನಮ್ಮ ಲ್ಯಾಬ್‌ನಲ್ಲಿ ಮೆಗ್ನೀಸಿಯಂ ಉರಿಸಿ ತೂಗಿದಾಗ ಕಡಿಮೆ ಬಂತು. ಹಾಗಾದರೆ?

ಬಿಳಿ ಹೊಗೆ ಎದ್ದಿತ್ತಲ್ಲ, ಅದೇ ಮೆಗ್ನೀಸಿಯಂ ಆಕ್ಸೈಡ್. ಅದು ಹಾರಿ ಹೋದರೆ ತೂಕವೂ ಹೋಯಿತು. ಮೂಸೆಯಲ್ಲಿಟ್ಟು ಮುಚ್ಚಳ ಹಾಕಿ ಕಾಯಿಸಬೇಕು, ಆಗಾಗ ಮುಚ್ಚಳವನ್ನು ಸ್ವಲ್ಪವೇ ಎತ್ತಿ ಗಾಳಿ ಬಿಡಬೇಕು.

ಇನ್ನೊಂದು ಕಾರಣವೂ ಇದೆ. ಗಾಳಿಯಲ್ಲಿ ಉರಿಯುವಾಗ ಸ್ವಲ್ಪ ಮೆಗ್ನೀಸಿಯಂ ನೈಟ್ರೋಜನ್ ಜೊತೆಗೂ ಸೇರಿ ಮೆಗ್ನೀಸಿಯಂ ನೈಟ್ರೈಡ್ ಆಗುತ್ತದೆ. ಅಷ್ಟು ಲೋಹಕ್ಕೆ ಆಕ್ಸಿಜನ್ ಹಿಡಿದಿದ್ದರೆ ಬರುತ್ತಿದ್ದ ತೂಕಕ್ಕಿಂತ ಇದರ ತೂಕ ಕಡಿಮೆ. ತಣ್ಣಗಾದ ಬೂದಿಗೆ ಎರಡು ಹನಿ ನೀರು ಹಾಕಿ ಸ್ವಲ್ಪ ಬಿಸಿ ಮಾಡಿ, ದೂರದಿಂದ ಮೂಸಿ ನೋಡಿ. ಅಮೋನಿಯಾ ವಾಸನೆ ಬಂದರೆ ನೈಟ್ರೈಡ್ ಇತ್ತು ಅಂತ ಅರ್ಥ.

ಮೆಗ್ನೀಸಿಯಂ ಪಟ್ಟಿಯನ್ನು ಮರಳು ಕಾಗದದಿಂದ ತಿಕ್ಕುವುದು ಏಕೆ?

ಗಾಳಿಯಲ್ಲಿ ಸುಮ್ನೆ ಇಟ್ಟಿದ್ದರೂ ಅದರ ಮೇಲೆ ಆಕ್ಸೈಡ್ ಮತ್ತು ಕಾರ್ಬೋನೇಟ್ ಪದರ ಕೂತಿರುತ್ತದೆ. ಅದನ್ನು ತೆಗೆದರೆ ಬೇಗ ಹೊತ್ತಿಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿಗೆ ಇಷ್ಟು ಬರೆದರೆ ಸಾಕು.

ಅಷ್ಟು ಬೆಳಕು ಎಲ್ಲಿಂದ ಬರುತ್ತದೆ? ನೇರವಾಗಿ ನೋಡಬಾರದು ಅಂತಾರಲ್ಲ?

ಉರಿಯುವ ಮೆಗ್ನೀಸಿಯಂ ಜ್ವಾಲೆಯ ಬಿಸಿ ಸುಮಾರು 3,100 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗುತ್ತದೆ. ಆ ಬಿಸಿಯಲ್ಲಿ ಆಕ್ಸೈಡ್‌ನ ಸಣ್ಣ ಸಣ್ಣ ಕಣಗಳು ಬೆಳ್ಳಗೆ ಕಾದು ಹೊಳೆಯುತ್ತವೆ. ಅದರ ಜೊತೆ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳೂ ಬರುತ್ತವೆ. ಹಾಗಾಗಿ ನೇರವಾಗಿ ದಿಟ್ಟಿಸಬೇಡಿ, ಪಕ್ಕದ ಗೋಡೆ ಮೇಲೆ ಬೀಳುವ ಬೆಳಕು ನೋಡಿದರೆ ಸಾಕು.

ಇಲ್ಲೊಂದು ಮಜಾ ಇದೆ. ಒಂದು ಗ್ರಾಂ ಎಲ್‌ಪಿಜಿ ಉರಿದರೆ ಸುಮಾರು 46 ಕಿಲೋಜೂಲ್ ಶಕ್ತಿ ಬರುತ್ತದೆ. ಒಂದು ಗ್ರಾಂ ಮೆಗ್ನೀಸಿಯಂ ಕೊಡುವುದು ಸುಮಾರು 25 ಕಿಲೋಜೂಲ್ ಮಾತ್ರ. ಆದರೂ ಮೆಗ್ನೀಸಿಯಂ ಜ್ವಾಲೆಯೇ ಜಾಸ್ತಿ ಬಿಸಿ. ಗ್ರಾಂ ಲೆಕ್ಕದಲ್ಲಿ ಮೆಗ್ನೀಸಿಯಂಗೆ ಬೇಕಾಗುವ ಆಕ್ಸಿಜನ್ ತುಂಬ ಕಡಿಮೆ. ಆಕ್ಸಿಜನ್ ಜೊತೆ ಬರುವ ನೈಟ್ರೋಜನ್ ಕೂಡ ಅಷ್ಟೇ ಕಡಿಮೆ. ಎಲ್‌ಪಿಜಿಯಲ್ಲಿ ಹುಟ್ಟಿದ ಶಕ್ತಿ ರಾಶಿ ರಾಶಿ ಅನಿಲವನ್ನು ಕಾಯಿಸಬೇಕು. ಮೆಗ್ನೀಸಿಯಂನಲ್ಲಿ ಅದು ಪುಟ್ಟ ಜಾಗದಲ್ಲೇ ಉಳಿಯುತ್ತದೆ.

ಕಬ್ಬಿಣದ ಸರಳು ಒಲೆಯಲ್ಲಿ ಕೆಂಪಗೆ ಕಾಯುತ್ತದೆ, ಉರಿಯುವುದಿಲ್ಲ. ಅದೇ ಕಬ್ಬಿಣದ ಪುಡಿ ಉದುರಿಸಿದರೆ ಕಿಡಿ ಹಾರುತ್ತದೆ. ಏಕೆ?

ಎರಡೂ ಒಂದೇ ಕಬ್ಬಿಣ. ಗಾಳಿಗೆ ತಾಗುವ ಮೈ ಮಾತ್ರ ಬೇರೆ. ಒಂದು ಸೆಂಟಿಮೀಟರ್ ಅಳತೆಯ ಘನಾಕಾರದ ತುಂಡು ತೆಗೆದುಕೊಳ್ಳಿ. ಅದರ ಆರು ಮುಖ ಸೇರಿ 6 ಚದರ ಸೆಂಟಿಮೀಟರ್. ಅದನ್ನೇ 0.1 ಮಿಲಿಮೀಟರ್ ಅಳತೆಯ ಚೂರುಗಳಾಗಿ ಕತ್ತರಿಸಿದರೆ 10 ಲಕ್ಷ ಚೂರುಗಳಾಗುತ್ತವೆ, ಒಟ್ಟು ಮೈ 600 ಚದರ ಸೆಂಟಿಮೀಟರ್. ಹೆಚ್ಚುಕಡಿಮೆ ಒಂದು ಎ4 ಹಾಳೆಯ ಒಂದು ಬದಿಯಷ್ಟು.

ಮೈ ದೊಡ್ಡದಾದರೆ ಬಿಸಿ ಬೇಗ ಹುಟ್ಟುತ್ತದೆ. ಚೂರು ಚಿಕ್ಕದಾದ್ದರಿಂದ ಆ ಬಿಸಿ ಹರಿದುಹೋಗಲು ಒಳಗೆ ಜಾಗವೂ ಇಲ್ಲ. ದಪ್ಪ ಸರಳಿನಲ್ಲಿ ಮೇಲ್ಮೈಯಲ್ಲಿ ಹುಟ್ಟಿದ ಬಿಸಿಯನ್ನು ಒಳಗಿನ ಲೋಹ ಎಳೆದುಕೊಂಡುಬಿಡುತ್ತದೆ. ಜೊತೆಗೆ ಮೇಲೆ ಕಪ್ಪು ಆಕ್ಸೈಡ್ ಪದರ ಕೂತು ಆಕ್ಸಿಜನ್‌ಗೆ ಅಡ್ಡ ಬರುತ್ತದೆ.

ಗ್ರೈಂಡರ್ ಹಿಡಿದಾಗ ಹಾರುವ ಕಿಡಿ ಕಲ್ಲಿನದ್ದಾ, ಕಬ್ಬಿಣದ್ದಾ?

ಕಬ್ಬಿಣದ್ದು. ಕಲ್ಲು ಕೆರೆದ ಸಣ್ಣ ಚೂರುಗಳು ತಿಕ್ಕಾಟಕ್ಕೆ ಕಾದು, ಹಾರುತ್ತಿರುವಾಗಲೇ ಗಾಳಿಯಲ್ಲಿ ಉರಿಯುತ್ತವೆ. ಕಿಡಿ ಕವಲೊಡೆದು ಹೂವಿನ ಹಾಗೆ ಸಿಡಿದರೆ ಆ ಉಕ್ಕಿನಲ್ಲಿ ಕಾರ್ಬನ್ ಜಾಸ್ತಿ ಇದೆ. ಒಳಗಿನ ಕಾರ್ಬನ್ ಉರಿದು ಅನಿಲವಾಗಿ ಚೂರನ್ನೇ ಒಡೆಯುತ್ತದೆ. ಪಳಗಿದ ಕೆಲಸಗಾರರು ಗುಜರಿ ತುಂಡನ್ನು ಕಲ್ಲಿಗೆ ತಾಗಿಸಿ ನೋಡಿಯೇ ಇದು ಮೈಲ್ಡ್ ಸ್ಟೀಲ್, ಇದು ಸ್ಪ್ರಿಂಗ್ ಪಟ್ಟಿ ಅಂತ ಹೇಳಿಬಿಡುತ್ತಾರೆ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂಗೆ ಕಲ್ಲು ಹಿಡಿದರೆ ಇಂಥ ಕಿಡಿ ಬರುವುದಿಲ್ಲ.

ಗ್ಯಾಸ್ ಕಟಿಂಗ್‌ನಲ್ಲಿ ಬೆಂಕಿಯ ಬಿಸಿಗೆ ಪ್ಲೇಟ್ ಕರಗಿ ತುಂಡಾಗುತ್ತದೆ, ಸರಿನಾ?

ಬಹಳ ಜನ ಹಾಗೇ ತಿಳಿದಿದ್ದಾರೆ, ದಿನಾ ಕಟಿಂಗ್ ಟಾರ್ಚ್ ಹಿಡಿಯುವವರೂ ಸೇರಿ. ಅಲ್ಲಿ ಉಕ್ಕು ನಿಜವಾಗಿ ಉರಿಯುತ್ತದೆ.

ಮೊದಲು ಜ್ವಾಲೆಯಿಂದ ಪ್ಲೇಟಿನ ಒಂದು ಜಾಗವನ್ನು ಸುಮಾರು 900 ಡಿಗ್ರಿಗೆ, ಅಂದರೆ ಕೆಂಪಗೆ ಕಾಯಿಸುತ್ತಾರೆ. ಉಕ್ಕು ಕರಗಲು 1,500 ಡಿಗ್ರಿಯ ಆಸುಪಾಸು ಬೇಕು, ಹಾಗಾಗಿ ಇನ್ನೂ ಕರಗಿಲ್ಲ. ಆಗ ಲಿವರ್ ಒತ್ತುತ್ತಾರೆ. ನಡುವಿನ ತೂತಿನಿಂದ ಶುದ್ಧ ಆಕ್ಸಿಜನ್ ರಭಸವಾಗಿ ನುಗ್ಗುತ್ತದೆ. ಕಾದ ಕಬ್ಬಿಣಕ್ಕೆ ಅಷ್ಟು ಆಕ್ಸಿಜನ್ ಸಿಕ್ಕರೆ ಅದು ಉರಿಯತೊಡಗುತ್ತದೆ. ಉರಿದಾಗ ಹುಟ್ಟುವ ಬಿಸಿಯೇ ಮುಂದಿನ ಜಾಗವನ್ನು ಕಾಯಿಸುತ್ತದೆ. ಹುಟ್ಟಿದ ಕಬ್ಬಿಣದ ಆಕ್ಸೈಡ್ ಉಕ್ಕಿಗಿಂತ ಕಡಿಮೆ ಬಿಸಿಯಲ್ಲೇ, ಸುಮಾರು 1,370 ಡಿಗ್ರಿಗೆ, ಕರಗುತ್ತದೆ. ಆಕ್ಸಿಜನ್ ರಭಸಕ್ಕೆ ಅದು ಕೆಳಗೆ ಹಾರಿಹೋಗುತ್ತದೆ. ಪ್ಲೇಟಿನ ಕೆಳಗೆ ಸುರಿಯುವ ಕಿಡಿ ಮಳೆಯಲ್ಲಿ ಹೆಚ್ಚಿನ ಪಾಲು ಉರಿದುಹೋದ ಕಬ್ಬಿಣ.

ಇದು ಗೊತ್ತಿದ್ದರೆ ಕೆಲಸದಲ್ಲೂ ಉಪಯೋಗ ಇದೆ. ಕಟ್ ಸರಿಯಾಗಿ ಬರುತ್ತಿಲ್ಲ ಅಂದಾಗ ಹಲವರು ಜ್ವಾಲೆ ಏರಿಸುತ್ತಾರೆ. ಆಗ ಅಂಚು ಕರಗಿ ಗುಂಡಗಾಗುತ್ತದೆ ಅಷ್ಟೇ. ಮೊದಲು ಆಕ್ಸಿಜನ್ ಒತ್ತಡ, ನಳಿಕೆಯ ತೂತು, ಪ್ಲೇಟಿನ ಮೇಲಿನ ಬಣ್ಣ ಮತ್ತು ತುಕ್ಕು ನೋಡಿ. ಕಟಿಂಗ್‌ಗೆ ಬಳಸುವ ಆಕ್ಸಿಜನ್ ಶೇ. 99.5ರಷ್ಟಾದರೂ ಶುದ್ಧವಾಗಿರಬೇಕು. ಸ್ವಲ್ಪ ಕಲಬೆರಕೆಯಾದರೂ ಕಟ್ ನಿಧಾನ ಆಗುತ್ತದೆ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಆಕ್ಸಿಜನ್ ಸಿಲಿಂಡರಿನ ವಾಲ್ವ್‌ಗೆ, ರೆಗ್ಯುಲೇಟರ್‌ಗೆ ಎಣ್ಣೆ ಅಥವಾ ಗ್ರೀಸ್ ಹಚ್ಚಲೇಬೇಡಿ. ಬಿಗಿಯಾಗಿದೆ ಅಂತ ಹನಿ ಎಣ್ಣೆ ಬಿಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಒತ್ತಡದ ಶುದ್ಧ ಆಕ್ಸಿಜನ್‌ನಲ್ಲಿ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಆಮೇಲೆ ರೆಗ್ಯುಲೇಟರಿನ ಲೋಹವೇ ಉರಿಯಬಹುದು.

ಹಾಗಾದರೆ ಸ್ಟೇನ್‌ಲೆಸ್ ಸ್ಟೀಲ್, ಅಲ್ಯುಮಿನಿಯಂ ಅದೇ ಟಾರ್ಚ್‌ನಿಂದ ಕತ್ತರಿಸಲು ಏಕೆ ಆಗುವುದಿಲ್ಲ?

ಮೊದಲು ಹೇಳಿದ ಪದರದ ಮಾತೇ ಇಲ್ಲಿಗೂ ಬರುತ್ತದೆ. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಅದರ ಆಕ್ಸೈಡ್ ಕರಗಲು 2,000 ಡಿಗ್ರಿ ದಾಟಬೇಕು. ಒಳಗೆ ಲೋಹ ನೀರಾಗಿದ್ದರೂ ಮೇಲೆ ಚರ್ಮ ಗಟ್ಟಿಯಾಗೇ ಇರುತ್ತದೆ. ಆಕ್ಸಿಜನ್ ಒಳಹೋಗಲು ದಾರಿ ಇಲ್ಲ. ಸ್ಟೇನ್‌ಲೆಸ್‌ನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಕ್ರೋಮಿಯಂ ಆಕ್ಸೈಡ್ ಕೂಡ ಅಷ್ಟೇ ಹಟಮಾರಿ. ಅದಕ್ಕೇ ಇವುಗಳಿಗೆ ಪ್ಲಾಸ್ಮಾ ಕಟಿಂಗ್ ಬೇಕು. ಅಲ್ಲಿ ಲೋಹವನ್ನು ನೇರವಾಗಿ ಕರಗಿಸಿಯೇ ತಳ್ಳುತ್ತಾರೆ.

ಅಡುಗೆಮನೆಯ ಅಲ್ಯುಮಿನಿಯಂ ಪಾತ್ರೆ ದಿನಾ ಒಲೆಯ ಮೇಲಿದ್ದರೂ ಉರಿಯದಿರುವುದಕ್ಕೂ ಈ ಪದರವೇ ಕಾರಣ. ಅದರ ದಪ್ಪ ಮಿಲಿಮೀಟರಿನ ಲಕ್ಷದ ಒಂದು ಪಾಲೂ ಇಲ್ಲ, ಕೆಲವೇ ನ್ಯಾನೋಮೀಟರ್. ಗೀರಿದರೆ ಕ್ಷಣದಲ್ಲಿ ಮತ್ತೆ ಕೂರುತ್ತದೆ. ಅದೇ ಅಲ್ಯುಮಿನಿಯಂ ನುಣ್ಣನೆ ಪುಡಿಯಾಗಿ ಗಾಳಿಯಲ್ಲಿ ತೇಲುತ್ತಿದ್ದರೆ ಒಂದು ಕಿಡಿಗೆ ಸ್ಫೋಟವೇ ಆಗಬಹುದು. ಪಾಲಿಶ್ ಮಾಡುವ ಶೆಡ್‌ಗಳಲ್ಲಿ ನೆಲ, ತೊಲೆ, ಫ್ಯಾನ್ ಮೇಲೆ ಕೂತ ಧೂಳನ್ನು ಕಸ ಅಂತ ಉಪೇಕ್ಷಿಸಬಾರದು. ಕಂಪ್ರೆಸರ್ ಗಾಳಿ ಬಿಟ್ಟು ಅದನ್ನು ಹಾರಿಸುವುದು ಇನ್ನೂ ಅಪಾಯ.

ಕಮ್ಮಾರರ ಕುಲುಮೆಯಲ್ಲಿ ಉದುರುವ ಕಪ್ಪು ಹಕ್ಕಳೆಯೂ ತುಕ್ಕೇನಾ?

ಅಲ್ಲ. ಕುಡಗೋಲನ್ನೋ ಕುಂಟೆಯ ಕುಡವನ್ನೋ ಕೆಂಪಗೆ ಕಾಯಿಸಿ ಅಡಿಗಲ್ಲಿನ ಮೇಲೆ ಬಡಿದಾಗ ಉದುರುವ ಕಪ್ಪು ಹಕ್ಕಳೆಯಲ್ಲಿ ಕಬ್ಬಿಣದ ಬೇರೆ ಬೇರೆ ಆಕ್ಸೈಡ್‌ಗಳಿರುತ್ತವೆ. ಅದರಲ್ಲಿ ಮ್ಯಾಗ್ನಟೈಟ್ ಎಂಬ ಆಕ್ಸೈಡ್ ಇರುವುದರಿಂದ ಅಯಸ್ಕಾಂತಕ್ಕೆ ಅಂಟುತ್ತದೆ. ಇದು ಹುಟ್ಟಲು ಬಿಸಿ ಮತ್ತು ಆಕ್ಸಿಜನ್ ಸಾಕು.

ತುಕ್ಕಿಗೆ, ಅಂದರೆ ನಮ್ಮ ಕಡೆ ಜಂಗು ಅನ್ನುತ್ತೇವಲ್ಲ, ಅದಕ್ಕೆ ಆಕ್ಸಿಜನ್ ಜೊತೆ ನೀರೂ ಬೇಕು. ಅದು ನೀರನ್ನು ಒಳಗಿಟ್ಟುಕೊಂಡ ಕಂದು ಬಣ್ಣದ ಆಕ್ಸೈಡ್. ಪುಡಿಪುಡಿಯಾಗಿ ಉದುರುತ್ತದೆ, ಕೆಳಗಿನ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಹಾಗಾಗಿ ತುಕ್ಕು ನಿಲ್ಲುವುದೇ ಇಲ್ಲ. ಅಲ್ಯುಮಿನಿಯಂ ಮತ್ತು ಕಬ್ಬಿಣಕ್ಕೆ ಇರುವ ವ್ಯತ್ಯಾಸ ಇಷ್ಟೇ. ಒಂದರ ಪದರ ಬಿಗಿಯಾಗಿ ಕಾಯುತ್ತದೆ, ಇನ್ನೊಂದರದ್ದು ಸಡಿಲಾಗಿ ಕೈಕೊಡುತ್ತದೆ. ಆಕ್ಸಿಜನ್ ಮೇಲಿನ ಸೆಳೆತ ನೋಡಿದರೆ ಅಲ್ಯುಮಿನಿಯಂದೇ ಜಾಸ್ತಿ!

ರೈಲು ಹಳಿಗಳನ್ನು ಬೆಸೆಯುವಾಗ ರಾತ್ರಿ ದೊಡ್ಡ ಬೆಳಕು ಕಾಣುತ್ತದೆ. ಅದೂ ಲೋಹ ಉರಿಯುವುದೇನಾ?

ಹೌದು, ಆದರೆ ಅಲ್ಲಿ ಆಕ್ಸಿಜನ್ ಗಾಳಿಯಿಂದ ಬರುವುದಿಲ್ಲ. ಅದಕ್ಕೆ ಥರ್ಮಿಟ್ ಬೆಸುಗೆ ಅನ್ನುತ್ತಾರೆ, ರೈಲ್ವೆಯವರ ಬಾಯಲ್ಲಿ ಎ.ಟಿ. ವೆಲ್ಡಿಂಗ್. ಕಬ್ಬಿಣದ ಆಕ್ಸೈಡ್ ಮತ್ತು ಅಲ್ಯುಮಿನಿಯಂ ಪುಡಿಯನ್ನು ಮೂಸೆಯಲ್ಲಿ ಬೆರೆಸಿ ಹೊತ್ತಿಸುತ್ತಾರೆ. ಅಲ್ಯುಮಿನಿಯಂ ಕಬ್ಬಿಣದಿಂದ ಆಕ್ಸಿಜನ್ ಕಿತ್ತುಕೊಳ್ಳುತ್ತದೆ. ಬಿಸಿ 2,500 ಡಿಗ್ರಿಯ ಹತ್ತಿರ ಹೋಗುತ್ತದೆ. ಬಿಡುಗಡೆಯಾದ ಕಬ್ಬಿಣ ಕರಗಿ ತಳಕ್ಕಿಳಿಯುತ್ತದೆ, ಹಗುರವಾದ ಅಲ್ಯುಮಿನಿಯಂ ಆಕ್ಸೈಡ್ ಕಿಟ್ಟವಾಗಿ ಮೇಲೆ ತೇಲುತ್ತದೆ. ಕರಗಿದ ಕಬ್ಬಿಣ ಎರಡು ಹಳಿಗಳ ನಡುವಿನ ಸಂದಿಗೆ ಇಳಿದು ಗಟ್ಟಿಯಾಗುತ್ತದೆ.

ಜರ್ಮನಿಯ ಹಾನ್ಸ್ ಗೋಲ್ಡ್‌ಸ್ಮಿಟ್ 1895ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. 1899ರಲ್ಲಿ ಎಸ್ಸೆನ್ ಊರಿನ ಟ್ರಾಮ್ ಹಳಿಗಳನ್ನು ಹೀಗೆ ಬೆಸೆದರು. ನೈಋತ್ಯ ರೈಲ್ವೆಯ ಕೇಂದ್ರವಾದ ಹುಬ್ಬಳ್ಳಿಯಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ನಿಂತು ನೋಡುವ ಜನ ಅದರ ಉದ್ದ ನೋಡಿ ಬೆರಗಾಗುತ್ತಾರೆ. ನನಗೆ ಹಳಿ ಕಂಡರೆ ಮೊದಲು ಕಣ್ಣು ಹೋಗುವುದು ಬೆಸುಗೆಯ ಉಬ್ಬಿಗೆ.

ಥರ್ಮಿಟ್ ಒಳಗೇ ತನ್ನ ಆಕ್ಸಿಜನ್ ಇಟ್ಟುಕೊಂಡಿರುವುದರಿಂದ ಮಣ್ಣು ಮುಚ್ಚಿದರೂ ಆರುವುದಿಲ್ಲ. ವಿಡಿಯೋ ನೋಡಿ ಮನೆಯಲ್ಲಿ ಮಾಡೋಣ ಅಂದುಕೊಂಡಿದ್ದರೆ ಆ ಯೋಚನೆ ಬಿಡಿ.

ತಾಮ್ರ ಉರಿಯುತ್ತದಾ?

ಗಾಳಿಯಲ್ಲಿ ಜ್ವಾಲೆ ಎಬ್ಬಿಸಿ ಉರಿಯುವುದಿಲ್ಲ. ಕಾದರೆ ಮೇಲೆ ಕಪ್ಪು ತಾಮ್ರದ ಆಕ್ಸೈಡ್ ಕೂರುತ್ತದೆ, ಅದರ ಕೆಳಗೆ ಕೆಂಪು ಬಣ್ಣದ ಇನ್ನೊಂದು ಆಕ್ಸೈಡ್ ಇರುತ್ತದೆ. ಗುಜರಿಯವರು ವೈರ್ ಸುಟ್ಟು ತಾಮ್ರ ತೆಗೆಯುವಾಗ ಕಾಣುವ ಹಸಿರು ಜ್ವಾಲೆ ನೋಡಿ ತಾಮ್ರವೇ ಉರಿಯುತ್ತಿದೆ ಅನ್ನಿಸಬಹುದು. ಉರಿಯುತ್ತಿರುವುದು ಪ್ಲಾಸ್ಟಿಕ್. ಅದರ ಕ್ಲೋರಿನ್ ಜೊತೆ ಸೇರಿದ ಒಂದಿಷ್ಟು ತಾಮ್ರ ಜ್ವಾಲೆಗೆ ಬಣ್ಣ ಕೊಡುತ್ತದೆ. ಆ ಹೊಗೆ ವಿಷ. ವೈರ್ ಸುಲಿದು ತೆಗೆಯುವುದೇ ಸರಿ.

ಕಲಾಯಿ ಹಾಕುವವರು ನವಸಾಗರ ಎರಚುವುದು ಏಕೆ?

ಕೇಳಿದ್ದು ಒಳ್ಳೆಯದಾಯಿತು. ಈಗ ಕಲಾಯಿಯವರು ಓಣಿಗೆ ಬರುವುದೇ ಅಪರೂಪ.

ತಾಮ್ರ, ಹಿತ್ತಾಳೆ ಪಾತ್ರೆಯನ್ನು ಇದ್ದಿಲ ಬೆಂಕಿಯ ಮೇಲೆ ಕಾಯಿಸಿದ ಕೂಡಲೇ ಮೈಮೇಲೆ ಆಕ್ಸೈಡ್ ಕೂರುತ್ತದೆ. ಆಕ್ಸೈಡ್ ಮೇಲೆ ತವರ ಅಂಟುವುದಿಲ್ಲ, ಗುಂಡು ಗುಂಡಾಗಿ ಉರುಳುತ್ತದೆ. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ಕಾದ ಪಾತ್ರೆಗೆ ಬಿದ್ದರೆ ಅದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆಯುತ್ತದೆ. ಹೈಡ್ರೋಜನ್ ಕ್ಲೋರೈಡ್ ಆಕ್ಸೈಡ್ ಪದರವನ್ನು ತಿಂದುಹಾಕುತ್ತದೆ. ಅದೇ ಹೊತ್ತಿಗೆ ತವರ ತಾಗಿಸಿ ಅರಳೆಯಿಂದ ಒರೆಸುತ್ತಾರೆ. ತವರ 232 ಡಿಗ್ರಿಗೇ ಕರಗುವುದರಿಂದ ಕೈಚಳಕದಲ್ಲಿ ಇಡೀ ಪಾತ್ರೆಗೆ ಹರಡುತ್ತದೆ. ಮೇಲೇಳುವ ದಟ್ಟ ಬಿಳಿ ಹೊಗೆ, ಒಡೆದ ಎರಡು ಅನಿಲಗಳು ತಣ್ಣಗಿನ ಗಾಳಿಯಲ್ಲಿ ಮತ್ತೆ ಸೇರಿ ಆದ ನವಸಾಗರವೇ. ರಸಾಯನಶಾಸ್ತ್ರದ ಪುಸ್ತಕ ನೋಡದ ಕೈಗಳು ಆಕ್ಸೈಡ್ ತೆಗೆಯುವ ಇಷ್ಟು ಚೊಕ್ಕ ವಿಧಾನವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ.

ಜಿಐ ಪೈಪ್ ವೆಲ್ಡಿಂಗ್ ಮಾಡಿದ ರಾತ್ರಿ ಚಳಿ ಜ್ವರ ಬರುತ್ತದೆ. ಯಾಕ್ ಸರ್ರ?

ಜಿಐ ಪೈಪಿನ ಮೇಲೆ ಸತುವಿನ ಲೇಪ ಇರುತ್ತದೆ. ಸತು 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಉಕ್ಕು ಕರಗುವ ಬಿಸಿ ಅದಕ್ಕಿಂತ ಎಷ್ಟೋ ಮೇಲೆ. ಹಾಗಾಗಿ ಆರ್ಕ್ ತಾಗಿದ ಕೂಡಲೇ ಸತುವಿನ ಆವಿ ಎದ್ದು ಗಾಳಿಯಲ್ಲಿ ಉರಿದು ಸತುವಿನ ಆಕ್ಸೈಡ್ ಆಗುತ್ತದೆ. ಪೈಪಿನ ಸುತ್ತ ಬಿಳಿ ಎಳೆಎಳೆಯಾಗಿ ಕೂರುವುದು ಅದೇ. ಬಿಸಿ ಇದ್ದಾಗ ಹಳದಿ, ತಣ್ಣಗಾದರೆ ಬಿಳಿ.

ಆ ಹೊಗೆ ಉಸಿರಾಡಿದರೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಬರುತ್ತದೆ. ಇದಕ್ಕೆ ಲೋಹದ ಹೊಗೆ ಜ್ವರ ಎನ್ನಬಹುದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಉಸಿರಾಟಕ್ಕೆ ತೊಂದರೆ ಆದರೆ ಅಥವಾ ಜ್ವರ ಇಳಿಯದಿದ್ದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ, ವೆಲ್ಡಿಂಗ್ ಮಾಡಿದ್ದನ್ನೂ ಹೇಳಿ. ಹಾಲು ಕುಡಿದರೆ, ಬೆಲ್ಲ ತಿಂದರೆ ಸರಿಹೋಗುತ್ತದೆ ಅನ್ನುವ ಮಾತು ಎಲ್ಲ ಅಂಗಡಿಯಲ್ಲೂ ಇದೆ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಹೋಗಿರುವುದು ಶ್ವಾಸಕೋಶಕ್ಕೆ. ಬೆಸೆಯುವ ಜಾಗದ ಲೇಪವನ್ನು ಮೊದಲೇ ಉಜ್ಜಿ ತೆಗೆಯಿರಿ, ಬಯಲಲ್ಲಿ ಗಾಳಿಗೆ ಬೆನ್ನು ಅಥವಾ ಪಕ್ಕ ಕೊಟ್ಟು ನಿಲ್ಲಿ, ಹೊಗೆ ತಡೆಯುವ ಸರಿಯಾದ ಮಾಸ್ಕ್ ಹಾಕಿಕೊಳ್ಳಿ. ಮೂಗಿಗೆ ಕಟ್ಟಿದ ಟವೆಲ್‌ನಿಂದ ಉಪಯೋಗ ಇಲ್ಲ.

ಸೋಡಿಯಂನ್ನು ಸೀಮೆಎಣ್ಣೆಯಲ್ಲಿ ಇಡುವುದು ಏಕೆ? ಎಣ್ಣೆಗೇ ಬೆಂಕಿ ಹತ್ತುವುದಿಲ್ಲವಾ?

ಸೀಮೆಎಣ್ಣೆ ಸೋಡಿಯಂ ಜೊತೆ ವರ್ತಿಸುವುದಿಲ್ಲ. ಗಾಳಿ, ತೇವ ಎರಡನ್ನೂ ದೂರ ಇಡುತ್ತದೆ. ಲಿಥಿಯಂ ಮಾತ್ರ ಸೀಮೆಎಣ್ಣೆಯ ಮೇಲೆ ತೇಲಿಬಿಡುವಷ್ಟು ಹಗುರ.

ಒಂದು ಸೂಕ್ಷ್ಮ ಇದೆ. ಗಾಳಿಯಲ್ಲಿ ಚೆನ್ನಾಗಿ ಉರಿದರೆ ಲಿಥಿಯಂ ಸಾಮಾನ್ಯ ಆಕ್ಸೈಡ್ ಕೊಡುತ್ತದೆ, ಸೋಡಿಯಂ ಮುಖ್ಯವಾಗಿ ಪೆರಾಕ್ಸೈಡ್ ಕೊಡುತ್ತದೆ, ಪೊಟ್ಯಾಸಿಯಂ ಸೂಪರ್‌ಆಕ್ಸೈಡ್ ಕೊಡುತ್ತದೆ. ಪರಮಾಣು ದೊಡ್ಡದಾದಂತೆ ಆಕ್ಸಿಜನ್ನನ್ನು ಜೋಡಿಯಾಗಿಯೇ ಇಟ್ಟುಕೊಳ್ಳುತ್ತದೆ. ಪೊಟ್ಯಾಸಿಯಂ ಸೂಪರ್‌ಆಕ್ಸೈಡ್ ನಾವು ಬಿಡುವ ಉಸಿರಿನ ತೇವ, ಕಾರ್ಬನ್ ಡೈಆಕ್ಸೈಡ್ ಹೀರಿ ಆಕ್ಸಿಜನ್ ಕೊಡುತ್ತದೆ. ಅದನ್ನು ಉಸಿರಾಟದ ಸಾಧನಗಳಲ್ಲಿ ಬಳಸುತ್ತಾರೆ. ಹತ್ತನೇ ತರಗತಿ ಪರೀಕ್ಷೆಗೆ ಸೋಡಿಯಂ ಆಕ್ಸೈಡ್ ಅಂತ ಪುಸ್ತಕದಲ್ಲಿದ್ದಂತೆ ಬರೆಯಿರಿ, ಪಿಯುಸಿಗೆ ಹೋದಾಗ ಉಳಿದದ್ದು ಬರುತ್ತದೆ.

ಲೋಹದ ಆಕ್ಸೈಡ್ ಎಲ್ಲವೂ ಪ್ರತ್ಯಾಮ್ಲವೇನಾ?

ಹೆಚ್ಚಿನವು ಹೌದು. ಮೆಗ್ನೀಸಿಯಂ ಬೂದಿಯನ್ನು ನೀರಲ್ಲಿ ಕದಡಿ ಕೆಂಪು ಲಿಟ್ಮಸ್ ಅದ್ದಿದರೆ ನೀಲಿಯಾಗುತ್ತದೆ. ಅಲ್ಯುಮಿನಿಯಂ ಮತ್ತು ಸತುವಿನ ಆಕ್ಸೈಡ್ ಎರಡೂ ಕಡೆ ಸೇರುತ್ತವೆ. ಆಮ್ಲದ ಜೊತೆಗೂ ವರ್ತಿಸುತ್ತವೆ, ಪ್ರತ್ಯಾಮ್ಲದ ಜೊತೆಗೂ ವರ್ತಿಸುತ್ತವೆ.

ಚಿನ್ನ, ಬೆಳ್ಳಿ ಉರಿಯುವುದಿಲ್ಲವಾ?

ಚಿನ್ನ 1,064 ಡಿಗ್ರಿಗೆ ಕರಗುತ್ತದೆ, ಆದರೆ ಗಾಳಿಯ ಆಕ್ಸಿಜನ್ ಜೊತೆ ಸೇರುವುದಿಲ್ಲ. ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಹೋದವರು ಇದನ್ನು ಅಲ್ಲೇ ಯೋಚಿಸಬಹುದು. ಆ ಸಾಲಿನಲ್ಲಿ ಕಬ್ಬಿಣವೂ ಇದೆ, ಚಿನ್ನವೂ ಇದೆ. ಕಬ್ಬಿಣ ಸಿಗುವುದು ಆಕ್ಸೈಡ್ ರೂಪದ ಅದಿರಾಗಿ, ಕೆಂಪು ಕಂದು ಬಣ್ಣದಲ್ಲಿ. ಚಿನ್ನ ಬಿಳಿಗಲ್ಲಿನ ಸೀಳುಗಳಲ್ಲಿ ಲೋಹವಾಗಿಯೇ ಇರುತ್ತದೆ, ಬಹಳ ಕಡಿಮೆ ಪ್ರಮಾಣದಲ್ಲಿ. ಕೋಟಿಗಟ್ಟಲೆ ವರ್ಷ ಕಳೆದರೂ ಅದು ಆಕ್ಸೈಡ್ ಆಗಿಲ್ಲ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಚಿನ್ನಕ್ಕಾಗಿ ಗಣಿ ತೋಡಿದ್ದರು. ಈಗ ಅದು ವನ್ಯಜೀವಿಧಾಮ.

ಬೆಳ್ಳಿಯ ಆಕ್ಸೈಡ್ ಕಾಯಿಸಿದರೆ 300 ಡಿಗ್ರಿಯೊಳಗೇ ಒಡೆದು ಮತ್ತೆ ಬೆಳ್ಳಿಯಾಗುತ್ತದೆ. ಹಾಗಾಗಿ ಅದನ್ನು ಉರಿಸಿ ಆಕ್ಸೈಡ್ ಮಾಡುವುದು ಆಗದ ಮಾತು. ಬೆಳ್ಳಿ ದೀಪ, ಕಾಲುಂಗುರ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅನಿಲದಿಂದ, ಆಕ್ಸಿಜನ್‌ನಿಂದಲ್ಲ.

ಸುರುಸುರು ಬತ್ತಿಯಲ್ಲಿ ಯಾವ ಲೋಹ ಇದೆ?

ಕಬ್ಬಿಣದ ಚೂರು, ಅಲ್ಯುಮಿನಿಯಂ ಪುಡಿ. ಹಳದಿ ಚಿಕ್ಕೆ ಚಿಕ್ಕೆ ಕಿಡಿ ಕಬ್ಬಿಣದ್ದು, ಬಿಳಿ ಬೆಳಕು ಅಲ್ಯುಮಿನಿಯಂ ಅಥವಾ ಮೆಗ್ನೀಸಿಯಂನದ್ದು. ನೈಟ್ರೇಟ್‌ನಂಥ ವಸ್ತು ಆಕ್ಸಿಜನ್ ಒದಗಿಸುತ್ತದೆ. ಪಟಾಕಿಯ ಕೆಂಪು, ಹಸಿರು, ನೀಲಿ ಬಣ್ಣಗಳು ಬರುವುದು ಸ್ಟ್ರಾನ್ಷಿಯಂ, ಬೇರಿಯಂ, ತಾಮ್ರದ ಲವಣಗಳಿಂದ. ಆರಿದ ಬತ್ತಿಯ ತಂತಿ ಬಹಳ ಹೊತ್ತು ಬಿಸಿ ಇರುತ್ತದೆ, ಗಣೇಶ ಹಬ್ಬದಲ್ಲಿ ಮಕ್ಕಳು ಅದನ್ನು ತುಳಿಯುವುದೇ ಜಾಸ್ತಿ. ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು ಅದರಲ್ಲೇ ಹಾಕಿಸಿ.

ಹಾಗಾದರೆ ಉರಿಯುವ ಲೋಹಕ್ಕೂ ನೀರು ಹಾಕಬಹುದಲ್ವಾ?

ಹಾಕಬಾರದು. ಉರಿಯುವ ಮೆಗ್ನೀಸಿಯಂ ನೀರಿನಿಂದಲೇ ಆಕ್ಸಿಜನ್ ಕಿತ್ತುಕೊಂಡು ಹೈಡ್ರೋಜನ್ ಬಿಡುತ್ತದೆ, ಅದೂ ಉರಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೂಡ ಕೆಲಸಕ್ಕೆ ಬಾರದು. ಆ ಅನಿಲದ ಆಕ್ಸಿಜನ್ನನ್ನೂ ಮೆಗ್ನೀಸಿಯಂ ತೆಗೆದುಕೊಳ್ಳುತ್ತದೆ, ಕಪ್ಪು ಕಾರ್ಬನ್ ಉಳಿಯುತ್ತದೆ. ಲೋಹದ ಬೆಂಕಿಗೆಂದೇ ಇರುವ ಒಣ ಪುಡಿ ಬೇಕು, ಅದನ್ನು ಡಿ ವರ್ಗದ ನಂದಕ ಅನ್ನುತ್ತಾರೆ. ಚಿಕ್ಕ ಬೆಂಕಿಗೆ ಪೂರ್ತಿ ಒಣಗಿದ ಮರಳನ್ನು ಮೆಲ್ಲಗೆ ಮುಚ್ಚಬಹುದು. ಮರಳಲ್ಲಿ ತೇವ ಇದ್ದರೆ ಅದೂ ನೀರು ಹಾಕಿದಂತೆಯೇ. ಬೆಂಕಿ ದೊಡ್ಡದಿದ್ದರೆ ಎಲ್ಲರನ್ನೂ ಹೊರಗೆ ಕಳಿಸಿ, ಅಗ್ನಿಶಾಮಕದವರಿಗೆ ಫೋನ್ ಮಾಡಿ, ಉರಿಯುತ್ತಿರುವುದು ಯಾವ ಲೋಹ ಅಂತ ಮೊದಲೇ ತಿಳಿಸಿ.

ತೂಕ ಹೆಚ್ಚುವುದನ್ನು ನಾವೇ ನೋಡಬಹುದಾದ ಸುಲಭ ಪ್ರಯೋಗ ಇದೆಯೇ?

ಇದೆ. ದೊಡ್ಡವರು ಜೊತೆಗಿದ್ದು, ಬಯಲಲ್ಲಿ, ಕನ್ನಡಕ ಹಾಕಿಕೊಂಡು ಮಾಡಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಮರಕ್ಕೆ ಪಾಲಿಶ್ ಮಾಡಲು ಸಿಗುವ ನುಣ್ಣನೆಯ ಸ್ಟೀಲ್ ವುಲ್ ತನ್ನಿ. ಪಾತ್ರೆ ತಿಕ್ಕುವ ಹೊಳೆಯುವ ಸ್ಕ್ರಬ್ಬರ್ ಸಾಮಾನ್ಯವಾಗಿ ಸ್ಟೇನ್‌ಲೆಸ್ ಆಗಿರುತ್ತದೆ, ಅದು ಹೊತ್ತುವುದಿಲ್ಲ. ಏಕೆ ಅಂತ ಈಗ ನಿಮಗೇ ಗೊತ್ತು.

ಅಕ್ಕಸಾಲಿಗರು ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಒಂದು ಸ್ಟೀಲ್ ತಟ್ಟೆ ಮತ್ತು 5 ಗ್ರಾಂ ಸ್ಟೀಲ್ ವುಲ್ ಸೇರಿಸಿ ತೂಗಿ. ತಟ್ಟೆಯನ್ನು ತಕ್ಕಡಿಯಿಂದ ಇಳಿಸಿ ಒಣ ನೆಲದ ಮೇಲಿಡಿ. ಸ್ಟೀಲ್ ವುಲ್‌ನ ಎಳೆಗಳನ್ನು ಸಡಿಲಾಗಿ ಬಿಡಿಸಿ, ಒಂದು ತುದಿಗೆ ಬೆಂಕಿ ತಾಗಿಸಿ. ಜ್ವಾಲೆ ಏಳುವುದಿಲ್ಲ, ಕೆಂಪು ಕೆಂಡ ಎಳೆಯಿಂದ ಎಳೆಗೆ ಹರಿದಾಡುತ್ತದೆ. ಪೂರ್ತಿ ತಣ್ಣಗಾದ ಮೇಲೆ ಅದೇ ತಟ್ಟೆಯನ್ನು ಮತ್ತೆ ತೂಗಿ. ಎಲ್ಲ ಕಬ್ಬಿಣವೂ ಕಪ್ಪು ಆಕ್ಸೈಡ್ ಆಗಿದ್ದರೆ 5 ಗ್ರಾಂ ಹೋಗಿ ಸುಮಾರು 6.9 ಗ್ರಾಂ ಆಗಬೇಕು. ನಿಮಗೆ ಅಷ್ಟು ಬರುವುದಿಲ್ಲ. ನಡುವಿನ ಎಳೆಗಳು ಅರ್ಧ ಉರಿದಿರುತ್ತವೆ, ಒಂದಿಷ್ಟು ಕಿಡಿಯಾಗಿ ತಟ್ಟೆಯಾಚೆ ಹಾರಿರುತ್ತದೆ. ಬೇಕಿದ್ದರೆ ಒಮ್ಮೆ ಸಡಿಲಾಗಿ ಬಿಡಿಸಿ, ಒಮ್ಮೆ ಬಿಗಿಯಾಗಿ ಉಂಡೆ ಕಟ್ಟಿ ಉರಿಸಿ, ಎರಡರಲ್ಲೂ ತೂಕ ಎಷ್ಟು ಏರಿತು ಅಂತ ಬರೆದಿಟ್ಟುಕೊಳ್ಳಿ.